ಆಲೂಗಡ್ಡೆಯೊಳಗಿನ ಪುಡಿ

ಗುಬ್ಬಿ ಊಟಕ್ಕೆ ಕೂತಳೆಂದರೆ ಆ ಮನೆಯಲ್ಲಿ ಉಳಿದವರೆಲ್ಲ ಉಸಿರು ಬಿಗಿಹಿಡಿದಿದ್ದಾರೆ ಎಂದೇ ಅರ್ಥ. ಆಗ ಮಿಕ್ಸಿ ತಿರುಗಬಾರದು, ಕುಕ್ಕರ್ ಕೂಗಬಾರದು, ಸೀನು ಬಂದವರು ಬಚ್ಚಲಿಗೆ ಹೋಗಿ ಸೀನಬೇಕು. ಆರು ವರ್ಷದ ಈ ಮಹಾರಾಣಿ ತಿನ್ನುತ್ತಿದ್ದದ್ದಾದರೂ ಏನು? ಬಾಳೆಹಣ್ಣು, ಹಾಲು, ಅಂಚು ಕತ್ತರಿಸಿದ ಬ್ರೆಡ್ಡು, ಮತ್ತೆ ಅಜ್ಜಿ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ. ಹೊಟ್ಟೆ ತುಂಬುವಂಥದ್ದು ಆ ಆಲೂಗಡ್ಡೆ ಒಂದೇ. ಅದೂ ನೀಲಿ ಅಂಚಿನ ಬಟ್ಟಲಿನಲ್ಲಿರಬೇಕು, ಅಜ್ಜಿಯೇ ತಂದಿಡಬೇಕು. ಅವಳ ಅಮ್ಮ ಅದೇ ಆಲೂಗಡ್ಡೆ, ಅದೇ ಬೆಣ್ಣೆ ಹಾಕಿ ಮಾಡಿ ತಂದಿಟ್ಟಿದ್ದ ದಿನ ಬಟ್ಟಲು ಗೋಡೆಗೆ ಹೋಗಿ ಬಡಿದಿತ್ತು.

ಅಜ್ಜಿಗೆ ಆ ದಿನ ಒಳಗೊಳಗೇ ಖುಷಿಯಾಗಿತ್ತು. ಯಾಕೆ ಸುಳ್ಳು ಹೇಳಬೇಕು, ಆಗಿತ್ತು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ವಯಸ್ಸೆಲ್ಲ ಸವೆಸಿದವಳು ಅವಳು. ಹುಡುಗರು ಮೂಗು ಮುರಿಯುವ ತರಕಾರಿಯನ್ನೆಲ್ಲ ಬೇಯಿಸಿ, ಅರೆದು, ಸಾರಿನೊಳಗೆ ಮಾಯ ಮಾಡುವುದರಲ್ಲಿ ಅವಳದು ಎತ್ತಿದ ಕೈ. ತಳ ಹತ್ತಿದ ಅನ್ನದ ವಾಸನೆಯನ್ನೂ ಯಾರಿಗೂ ಗೊತ್ತಾಗದ ಹಾಗೆ ಅಡಗಿಸಿ ಬಡಿಸಿದವಳು. ‘ನಾನು ಒಳಗೆ ಹಾಕಿದ್ದನ್ನ ಹುಡುಕಿ ತೆಗೆಯೋ ನಾಲಿಗೆ ಇನ್ನೂ ಹುಟ್ಟಿಲ್ಲ’ ಎಂದು ಹೇಳಿಕೊಳ್ಳುವುದು ಅವಳಿಗೆ ಅಭ್ಯಾಸ.

ಗುಬ್ಬಿಯ ಅಪ್ಪ ಲಿಫ್ಟ್ ರಿಪೇರಿಯವನು. ರಜೆಯ ದಿನ ಮಗಳನ್ನು ಯಾವುದಾದರೂ ಕಟ್ಟಡಕ್ಕೆ ಕರೆದುಕೊಂಡು ಹೋಗಿ ಮೇಲೆ ಕೆಳಗೆ ಓಡಾಡಿಸುತ್ತಿದ್ದ. ಮನೆಯವರ ಮಾತು ಕಲಿಯದ ಹುಡುಗಿ ಲಿಫ್ಟಿನ ಮಾತು ಕಲಿತಿದ್ದಳು. ಸಾಕು ಎನ್ನಿಸಿದರೆ "ಬಾಗಿಲು ಮುಚ್ಚುತ್ತಿದೆ" ಎನ್ನುತ್ತಿದ್ದಳು. ನೆಂಟರು ಬಂದು ಕೋಣೆ ತುಂಬಿದರೆ "ಭಾರ ಹೆಚ್ಚಾಗಿದೆ, ದಯವಿಟ್ಟು ಒಬ್ಬರು ಇಳಿಯಿರಿ" ಎನ್ನುತ್ತಿದ್ದಳು. ನಗುವವರು ನಗುತ್ತಿದ್ದರು. ಅವಳ ಅಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಮಗಳು ಇದುವರೆಗೆ ಯಾರನ್ನೂ ಏನನ್ನೂ ಕೇಳಿರಲಿಲ್ಲ. ನೀರು ಬೇಕು ಎಂದಿರಲಿಲ್ಲ, ಎಲ್ಲಿ ಎಂದಿರಲಿಲ್ಲ, ಯಾಕೆ ಎಂದಿರಲಿಲ್ಲ.

ಪುಡಿಯ ಡಬ್ಬಿ ಮನೆಗೆ ಬಂದದ್ದು ಒಂದು ಸಂಜೆ, ಅಜ್ಜಿಯ ಸೊಸೆ, ಗುಬ್ಬಿಯ ಅಮ್ಮನ ಕೈಚೀಲದಲ್ಲಿ. ಸೊಸೆ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವವಳು. ಗೆರೆ ಎಳೆದಲ್ಲಿಗೆ ನೇರ ಕತ್ತರಿ ಹಾಕುವ ಹೆಣ್ಣು. ಮಾತೂ ಹಾಗೆಯೇ, ಸುತ್ತಿ ಬಳಸಿ ಹೇಳಿ ಗೊತ್ತಿಲ್ಲ. ಊಟದ ಮೇಜಿನ ಮೇಲೆ ಒಂದು ಪುಡಿಯ ಡಬ್ಬಿ, ಅದರ ಪಕ್ಕ ಒಂದು ಡ್ರಾಪ್ಸ್ ಬಾಟಲಿ ಇಟ್ಟಳು.

"ಇದೇನು?" ಅಂದಳು ಅಜ್ಜಿ.

"ನಮ್ಮ ಅಕ್ಕ ಕೊಡಿಸಿದ್ದು. ಅವಳಿಗೆ ಗೊತ್ತಿರೋರ ಹುಡುಗ ಗುಬ್ಬಿ ಥರಾನೇ ಇದ್ದನಂತೆ. ಇದು ಶುರು ಮಾಡಿದ ಮೇಲೆ ಮಾತಾಡೋಕೆ ಹತ್ತಿದನಂತೆ."

"ನೀನು ನೋಡಿದ್ಯಾ ಆ ಹುಡುಗನ್ನ?"

"ವಿಡಿಯೋ ನೋಡಿದೆ."

"ವಿಡಿಯೋದಲ್ಲಿ ಬೆಕ್ಕೂ ಹಾಡುತ್ತೆ."

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೆಂಡತಿಗೂ ಅಮ್ಮನಿಗೂ ಮಾತು ಬೆಳೆದಾಗ ಅವನಿಗೆ ಅನ್ನದಲ್ಲಿ ಕಲ್ಲು ಹುಡುಕುವ ಕೆಲಸ ಇದ್ದೇ ಇರುತ್ತಿತ್ತು.

"ಇದನ್ನ ಆಲೂಗಡ್ಡೇಲಿ ಕಲಸಿ ಕೊಡಬೇಕು," ಅಂದಳು ಸೊಸೆ. "ಇಲ್ಲಾಂದ್ರೆ ಡ್ರಾಪ್ಸು. ಎರಡರಲ್ಲಿ ಒಂದು."

"ಆ ಮಗು ನಂಬಿ ತಿನ್ನೋದು ಅದೊಂದೇ. ಅದರಲ್ಲಿ ಏನಾದ್ರೂ ಬೆರೆಸಿ ಅವಳಿಗೆ ಗೊತ್ತಾದ್ರೆ ಅದನ್ನೂ ಬಿಡ್ತಾಳೆ. ಆಮೇಲೆ ಏನು ತಿನ್ನಿಸ್ತೀಯ, ನಿನ್ನ ವಿಡಿಯೋನಾ?"

ಸೊಸೆಯ ಕಣ್ಣು ತುಂಬಿತು. ಅಳು ಬಂದರೆ ಅವಳ ದನಿ ಇನ್ನೂ ಗಟ್ಟಿಯಾಗುತ್ತಿತ್ತು. "ಹೊಸ ವರ್ಷದ ತರಗತಿ ಶುರುವಾಗೋ ಹೊತ್ತಿಗೆ ನೀರು ಬೇಕು, ಬಾತ್‌ರೂಮಿಗೆ ಹೋಗಬೇಕು ಅಂತ ಕೇಳೋಕೆ ಬಂದ್ರೆ ಸೇರಿಸ್ಕೋತೀವಿ ಅಂದಿದಾರೆ ಶಾಲೇಲಿ. ನಾನೇನು ಭಾಷಣ ಮಾಡಲಿ ಅಂತಿದೀನಾ? ಒಂದು ಮಾತು ಕೇಳಲಿ ಅಂತ ತಾನೇ? ನಿಮಗೆ ಅದೂ ಬೇಡ. ಅವಳು ನಿಮ್ಮ ಕೈ ತುತ್ತಿಗೆ ಬಾಯಿ ತೆರೀತಾ ಹೀಗೇ ಇದ್ರೆ ಸಾಕು."

ಆ ಮಾತು ಅಜ್ಜಿಯನ್ನು ಚುಚ್ಚಿತು. ಪೂರ್ತಿ ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

"ಭಾರ ಹೆಚ್ಚಾಗಿದೆ," ಅಂದಳು ಗುಬ್ಬಿ, ಮೇಜಿನ ಕೆಳಗಿನಿಂದ. "ದಯವಿಟ್ಟು ಒಬ್ಬರು ಇಳಿಯಿರಿ."

ಇಳಿದವನು ಮಗ. "ಅಮ್ಮ, ಒಂದೆರಡು ತಿಂಗಳು ನೋಡೋಣ," ಅಂದು ಕೈ ತೊಳೆಯಲು ಎದ್ದುಹೋದ. "ಡಾಕ್ಟರನ್ನ ಒಂದು ಮಾತು ಕೇಳೋದು ಒಳ್ಳೇದಲ್ವಾ" ಎಂದು ಅವನು ನಲ್ಲಿಯ ಸದ್ದಿನಲ್ಲಿ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಕೇಳಿಸಬೇಕೆಂದು ಅವನೂ ಹೇಳಿರಲಿಲ್ಲವೇನೋ.

ಮರುದಿನ ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಹಳೆಯ ಮೀನು, ಒದ್ದೆ ಸೀಮೆಸುಣ್ಣ, ಅದರ ಮೇಲೆ ಯಾವುದೋ ಹಣ್ಣಿನ ಸುಳ್ಳು ಪರಿಮಳ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಬಿಡುತ್ತಿದ್ದರು. ಇವಳಿಗೆ ಹಠ ಹತ್ತಿತು. ಬೆಣ್ಣೆಯನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದಳು. ಆರಿದ ಮೇಲೆ ಪುಡಿಯನ್ನು ಅದರಲ್ಲಿ ಕಲಸಿ, ಆಲೂಗಡ್ಡೆಯನ್ನು ಎರಡು ಸಲ ಜರಡಿಯಲ್ಲಿ ಒತ್ತಿ, ಸ್ವಲ್ಪ ಹಾಲು ಸೇರಿಸಿ ಗೊಟಾಯಿಸಿದಳು. ಒಲೆಯ ಕಟ್ಟೆ ಗೋಡೆಯ ಕಡೆಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಕೂತ ಗುಬ್ಬಿಗೆ ಕಾಣುತ್ತಿದ್ದದ್ದು ಅಜ್ಜಿಯ ಬೆನ್ನು ಮಾತ್ರ.

ಬಟ್ಟಲು ಇಟ್ಟು ಅಜ್ಜಿ ದೂರ ನಿಂತಳು. ಗುಬ್ಬಿ ಒಂದು ಚಮಚ ಬಾಯಿಗಿಟ್ಟಳು, ನಾಲಿಗೆಯಲ್ಲಿ ಹೊರಳಿಸಿದಳು, ನುಂಗಿದಳು. ಇನ್ನೊಂದು ಚಮಚ ತೆಗೆದುಕೊಂಡಳು. ಬಟ್ಟಲು ಖಾಲಿಯಾಯಿತು.

ಗೆದ್ದೆ ಅಂದುಕೊಂಡಳು ಅಜ್ಜಿ.

ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಆಲೂಗಡ್ಡೆಗೆ ಏನು ಹಾಕಿದ್ರಿ?"

ಹಾಕಿದೆ ಕಣಮ್ಮ, ಒಂದು ಚಮಚ, ಡಬ್ಬಿಯ ಮೇಲೆ ಬರೆದ ಹಾಗೇ, ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೊಸೆಯ ಆ ಚುಚ್ಚುಮಾತು ಇನ್ನೂ ನಾಟಿಕೊಂಡೇ ಇತ್ತು. "ಹಾಕಬೇಕಾದ್ದು ಹಾಕಿದೀನಿ," ಅಂದು ಅಜ್ಜಿ ಪಾತ್ರೆ ಉಜ್ಜುವುದಕ್ಕೆ ತಿರುಗಿದಳು.

ಅದೇ ಪ್ರಶ್ನೆ ಪ್ರತಿ ಸಂಜೆ ಬಂತು. "ಏನು ಹಾಕಿದ್ರಿ?" ಒಂದೊಂದು ದಿನ ಅಜ್ಜಿ "ವಿಷ ಹಾಕಿಲ್ಲ, ಹೆದರಬೇಡ" ಎನ್ನುವಳು. ಇನ್ನೊಂದು ದಿನ "ಹೋಗಿ ನಿಮ್ಮ ಅಕ್ಕನ್ನ ಕೇಳು" ಎನ್ನುವಳು. ಸೊಸೆ ಬಾಗಿಲಲ್ಲಿ ನಿಂತು ಮಗಳು ಊಟ ಮಾಡುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವಳು. ಗುಬ್ಬಿ ಮುಖ ಸಿಂಡರಿಸುತ್ತಿರಲಿಲ್ಲ. ಉಗಿಯುತ್ತಿರಲಿಲ್ಲ. ಸೊಸೆಯ ಹುಬ್ಬು ಮಾತ್ರ ಗಂಟಿಕ್ಕುತ್ತಲೇ ಇತ್ತು. ಅಷ್ಟು ಚೆನ್ನಾಗಿ ತಿನ್ನುತ್ತಿದ್ದರೆ ಸಂತೋಷಪಡಬೇಕಲ್ಲ, ಇವಳಿಗೇನಾಗಿದೆ ಎಂದು ಅಜ್ಜಿಗೆ ಸಿಟ್ಟು ಬರುತ್ತಿತ್ತು.

ಕೆಲವು ದಿನಗಳಾದ ಮೇಲೆ ಸೊಸೆ, "ಬೆಳಿಗ್ಗೆ ಹಾಲು ನಾನೇ ಕೊಡ್ತೀನಿ, ನೀವು ಇನ್ನು ಸ್ವಲ್ಪ ಹೊತ್ತು ಮಲಗಿ" ಅಂದಳು. ಇದ್ಯಾವ ಹೊಸ ಪ್ರೀತಿ ಎಂದು ಅಜ್ಜಿಗೆ ಅನುಮಾನ ಬಂದರೂ ಮಂಡಿನೋವಿಗೆ ಆರಾಮವಾಗಿ ಸುಮ್ಮನಾದಳು. ಮಗ ಕೂಡ ಇದ್ದಕ್ಕಿದ್ದಂತೆ ಮಗಳ ನೀರಿನ ಬಾಟಲಿ ತೊಳೆದು ತುಂಬಿಸುವ ಕೆಲಸಕ್ಕೆ ನಿಂತ. ಕುಡಿದ ಲೋಟವನ್ನು ಎತ್ತಿಡದ ಗಂಡಸು. ‘ಅಂತೂ ಬುದ್ಧಿ ಬಂತು’ ಅಂದುಕೊಂಡಳು ಅಜ್ಜಿ.

ಆ ನಡುವೆ ಗುಬ್ಬಿ ಒಂದು ದಿನ "ಮೂರನೇ ಮಹಡಿ" ಎಂದು ಹೊಸ ಮಾತಾಡಿದಳು. ಹಿಂದಿನ ದಿನ ಅಪ್ಪನ ಜೊತೆ ಹೊಸ ಲಿಫ್ಟಿಗೆ ಹೋಗಿಬಂದಿದ್ದಳು, ಅಷ್ಟೇ. ಆದರೂ ಸೊಸೆ ಅಕ್ಕನಿಗೆ ಫೋನು ಮಾಡಿ ಅತ್ತಳು. ಅಜ್ಜಿಗೂ ಒಂದು ಗಳಿಗೆ ಹೌದೇನೋ ಅನ್ನಿಸಿತು. ನನ್ನ ಕೈಯಿಂದಲೇ ಆಯಿತಲ್ಲ ಎಂದು ಹೆಮ್ಮೆಯೂ ಆಯಿತು.

ಆಮೇಲೆ ಮಗುವಿಗೆ ಬಾಯಾರಿಕೆ ಶುರುವಾಯಿತು. ಬಾಟಲಿ ಮುಗಿಸಿ ಮತ್ತೆ ಬಾಟಲಿ ಹಿಡಿದುಕೊಂಡು ನಿಲ್ಲುವಳು. ಅಪ್ಪ ಮತ್ತೆ ತುಂಬಿಸಿ ಕೊಡುವನು. ಹೊಟ್ಟೆ ಕಟ್ಟಿತು. ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳುವುದು ಯಾವಾಗಲೋ ನಿಂತುಹೋಗಿತ್ತು, ಈಗ ಮತ್ತೆ ಮೊದಲಾಯಿತು. ತಿಂದದ್ದು ವಾಂತಿಯಾಗತೊಡಗಿತು.

"ಆ ಪುಡಿ ಮಗುವಿಗೆ ಒಗ್ಗುತ್ತಿಲ್ಲ," ಅಂದಳು ಅಜ್ಜಿ.

"ಒಗ್ಗೋಕೆ ನೀವು ಹಾಕ್ತಿದ್ರೆ ತಾನೇ?" ಅಂದುಬಿಟ್ಟಳು ಸೊಸೆ.

ಅಜ್ಜಿ ದಂಗಾದಳು. "ಏನಂದೆ?"

"ಬಿಡಿ. ಮೊದಮೊದಲು ಹೀಗಾಗುತ್ತಂತೆ. ಮೈಯಲ್ಲಿರೋ ಕಲ್ಮಶ ಹೋಗ್ತಿದೆ ಅಂದಳು ಅಕ್ಕ."

"ಕಲ್ಮಶ ಹೋಗ್ತಿಲ್ಲ, ಮಗು ಹೋಗ್ತಿದೆ. ಕಣ್ಣು ಬಿಟ್ಟು ನೋಡು."

ಇಷ್ಟೆಲ್ಲ ಆಡಿದವಳು ಮರುದಿನ ಪುಡಿ ಹಾಕುವುದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹಾಕುತ್ತಿಲ್ಲ ಎಂಬ ಅಪವಾದ ಹೊತ್ತ ಮೇಲೆ ನಿಜವಾಗಿಯೂ ಹಾಕದೆ ಇದ್ದರೆ ಸೊಸೆಯ ಮಾತೇ ಗೆದ್ದಂತಾಗುತ್ತದಲ್ಲ. ಒಂದು ಚಮಚ ತುಂಬಿ, ಮೇಲಿನದನ್ನು ಸವರಿ ಸಮ ಮಾಡಿ ಹಾಕಿದಳು.

ಆ ಮಧ್ಯಾಹ್ನ ಗುಬ್ಬಿ ಬಾಗಿಲ ಬಳಿ ಕೂತಲ್ಲೇ ಒರಗಿದಳು. ಎಬ್ಬಿಸಿದರೆ ಕಣ್ಣು ಬಿಡುವಳು, ಮತ್ತೆ ಮುಚ್ಚುವಳು. ತುಟಿ ಒಣಗಿ ಬಿರಿದಿತ್ತು. ಅಜ್ಜಿ ಮಗನಿಗೆ ಫೋನು ಮಾಡಿದಳು. ಅವನು ದಾರಿಯಲ್ಲಿ ಹೆಂಡತಿಯನ್ನೂ ಕರೆದುಕೊಂಡು ಬಂದ. ಮೂವರೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ರಕ್ತ ತೆಗೆದರು, ಡ್ರಿಪ್ ಹಾಕಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮರುದಿನ ಬೆಳಿಗ್ಗೆ ವರದಿ ಹಿಡಿದುಕೊಂಡು ಬಂದಾಗ ಅವರ ಮುಖ ಗಂಟಿಕ್ಕಿತ್ತು.

"ರಕ್ತದಲ್ಲಿ ಕ್ಯಾಲ್ಸಿಯಂ ಸಿಕ್ಕಾಪಟ್ಟೆ ಏರಿದೆ. ವಿಟಮಿನ್ ಡಿ ಮಿತಿಮೀರಿ ಹೋದಾಗ ಹೀಗಾಗುತ್ತೆ. ಮಗುವಿಗೆ ಏನಾದ್ರೂ ಕೊಡ್ತಿದೀರಾ?"

ಸೊಸೆ ಕೈಚೀಲದಿಂದ ಡಬ್ಬಿ ತೆಗೆದು ಮಂಚದ ಮೇಲಿಟ್ಟಳು. ಅಜ್ಜಿ ಬೆರಗಾಗಿ ನೋಡಿದಳು. ಅಡುಗೆಮನೆಯ ಡಬ್ಬಿ ಅವಳ ಸ್ವಂತ ಸಂಚಿಯಲ್ಲಿತ್ತು, ಬರುವಾಗ ತುರುಕಿಕೊಂಡಿದ್ದಳು. ಅದನ್ನೂ ತೆಗೆದಿಟ್ಟಳು. ಮಗ ಇಬ್ಬರ ಮುಖವನ್ನೂ ನೋಡಿ, ಸ್ಕ್ರೂಡ್ರೈವರ್ ಇಡುವ ಜೇಬಿನಿಂದ ಡ್ರಾಪ್ಸ್ ಬಾಟಲಿ ತೆಗೆದ.

"ಇದನ್ನ ಯಾರು ಕೊಡ್ತಿದ್ರಿ?" ಅಂದರು ಡಾಕ್ಟರು.

"ನಾನು," ಅಂದಳು ಅಜ್ಜಿ. "ಆಲೂಗಡ್ಡೇಲಿ."

"ನಾನು," ಅಂದಳು ಸೊಸೆ. "ಹಾಲಲ್ಲಿ, ಬಾಳೆಹಣ್ಣು ಕಿವುಚಿ ವಾಸನೆ ಮುಚ್ಚಿ. ಅತ್ತೆ ಹಾಕ್ತಿಲ್ಲ ಅಂದ್ಕೊಂಡೆ. ಹಾಕಿದ್ರೆ ಇವಳು ಹಾಗೆ ತಿಂತಿರಲಿಲ್ಲ, ಉಗೀತಿದ್ದಳು ಅಂದ್ಕೊಂಡೆ. ಇನ್ನೊಂದು ಡಬ್ಬಿ ತಂದೆ."

"ನಾನೂ," ಅಂದ ಮಗ, ನೆಲ ನೋಡುತ್ತ. "ನೀರಿಗೆ. ಅಮ್ಮ ಹಾಕ್ತಿಲ್ಲ ಅಂತ ಇವಳು ದಿನಾ ಹೇಳ್ತಿದ್ದಳು. ಅಮ್ಮನ್ನ ಕೇಳಿದ್ರೆ ಜಗಳ ಆಗುತ್ತೆ. ಸುಮ್ಮನೆ ನಾನೇ ಹಾಕಿಬಿಟ್ರೆ ಮುಗೀತಲ್ಲ ಅಂತ."

ಡಾಕ್ಟರು ಡಬ್ಬಿ, ಬಾಟಲಿ ಎರಡರ ಮೇಲಿನ ಚೀಟಿಯನ್ನೂ ಓದಿ, ಡಬ್ಬಿಯ ಮುಚ್ಚಳ ತೆಗೆದು ನೋಡಿದರು. "ಎರಡರಲ್ಲೂ ಅದೇ ವಿಟಮಿನ್ ಡಿ. ಒಬ್ಬರೇ ಕೊಟ್ಟಿದ್ರೂ ಇದು ಈ ವಯಸ್ಸಿಗೆ ಜಾಸ್ತಿ. ಮೂರು ಜನ ಕೊಟ್ಟಿದೀರ." ದನಿ ಏರಿಸಲಿಲ್ಲ, ಅದೇ ಕಷ್ಟವಾಗಿತ್ತು. "ನೋಡಿ, ಇಂಥದರಿಂದ ಮಾತು ಬರುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಇವಳು ತಿನ್ನೋದೇ ಕಡಿಮೆ, ಏನಾದ್ರೂ ಕೊರತೆ ಇರಬಹುದು ಅನ್ನೋ ಭಯ ನಿಮಗೆ ಬಂದಿದ್ದು ತಪ್ಪಲ್ಲ. ಅದಕ್ಕೆ ಮೊದಲು ರಕ್ತಪರೀಕ್ಷೆ ಇದೆ. ಕೊರತೆ ಕಂಡ್ರೆ ಅದೊಂದನ್ನ, ಅಳತೆ ಹೇಳಿ, ನಾವೇ ಕೊಡ್ತೀವಿ. ಯಾರಾದ್ರೂ ಡಾಕ್ಟರನ್ನ ಕೇಳಬೇಕಿತ್ತು. ಹೋಗಲಿ, ಒಬ್ಬರನ್ನೊಬ್ಬರು ಕೇಳಬಹುದಿತ್ತು."

"ಕೇಳ್ತಿದ್ದೆ," ಅಂದಳು ಸೊಸೆ ಮೆಲ್ಲಗೆ. "ದಿನಾ ಕೇಳ್ತಿದ್ದೆ."

ಅಜ್ಜಿಗೆ ತಲೆ ಎತ್ತಲಾಗಲಿಲ್ಲ. ಸಾಮರ್ಥ್ಯ, ಹೆಮ್ಮೆ, ಹಾಸ್ಟೆಲ್ಲಿನ ಹೆಸರು ಎಲ್ಲ ಆ ಮಂಚದ ಪಕ್ಕದಲ್ಲಿ ಕರಗಿಹೋಯಿತು. ಅಷ್ಟು ಚೆನ್ನಾಗಿ ಅಡಗಿಸಿದ್ದಕ್ಕೇ ಯಾರೂ ತನ್ನನ್ನು ನಂಬಿರಲಿಲ್ಲ.

ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೂ ಬಾಕಿಯಿತ್ತು. ಡಾಕ್ಟರು ಡಬ್ಬಿಯನ್ನು ತೆರೆದೇ ಇಟ್ಟಿದ್ದರು. ಡ್ರಿಪ್ಪಿನ ಕೈಯನ್ನು ಹಾಗೇ ಬಿಟ್ಟು ಗುಬ್ಬಿ ಇನ್ನೊಂದು ಕೈಯಲ್ಲಿ ಅದನ್ನು ಎಳೆದುಕೊಂಡಳು. ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ಮೂಸಿದಳು. ಆಮೇಲೆ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಯಾರ ಮುಖವನ್ನೂ ನೇರ ನೋಡದ ಹುಡುಗಿ ಅವತ್ತು ನೋಡಿದಳು.

"ಬಾಗಿಲು ಮುಚ್ಚುತ್ತಿದೆ," ಅಂದಳು.

ಮನೆಗೆ ಬಂದ ಮೇಲೆ ನೀಲಿ ಅಂಚಿನ ಬಟ್ಟಲನ್ನು ಅವಳು ಮುಟ್ಟಲಿಲ್ಲ. ಅಜ್ಜಿ ಬರೀ ಆಲೂಗಡ್ಡೆ, ಬರೀ ಬೆಣ್ಣೆ ಹಾಕಿ ತಂದಿಟ್ಟಳು. ಗುಬ್ಬಿ ಬಗ್ಗಿ ಮೂಸಿ, ಒಂದೇ ಬೆರಳಿನಿಂದ ಬಟ್ಟಲನ್ನು ಮೇಜಿನ ಅಂಚಿನವರೆಗೆ ತಳ್ಳಿದಳು. ಹಾಲೂ ಬೇಡ. ಬಾಟಲಿಯ ನೀರೂ ಬೇಡ, ನಲ್ಲಿಗೇ ಬಾಯಿ ಕೊಟ್ಟು ಕುಡಿದಳು. ಬ್ರೆಡ್ಡಿನ ಪ್ಯಾಕೆಟ್ ಅವಳೆದುರೇ ಒಡೆದರೆ ಸರಿ. ಬಾಳೆಹಣ್ಣು ತಾನೇ ಸುಲಿಯುತ್ತಿದ್ದಳು. ಸಿಪ್ಪೆಯಲ್ಲಿ ಒಂದು ಸೀಳು ಕಂಡರೂ ಮುಗಿಯಿತು, ಆ ಹಣ್ಣು ಕಸದ ಬುಟ್ಟಿಗೆ. ಕೆನ್ನೆ ಒಳಕ್ಕೆ ಹೋಯಿತು. ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ತೂಕ ಇನ್ನೂ ಇಳಿದರೆ ಮೂಗಿನಲ್ಲಿ ನಳಿಕೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಮನೆಯಲ್ಲಿ ಜಗಳವೂ ನಿಂತುಹೋಯಿತು. ಜಗಳವಾಡಲು ಯಾರ ಹತ್ತಿರವೂ ಮುಖವಿರಲಿಲ್ಲ. ಸೊಸೆಯ ಅಕ್ಕ ಫೋನು ಮಾಡಿದಾಗ ಸೊಸೆ "ಇನ್ನು ಈ ವಿಷಯ ಎತ್ತಬೇಡ" ಎಂದಷ್ಟೇ ಹೇಳಿ ಇಟ್ಟಳು. ಶಾಲೆಯಿಂದ ಮುಂದಿನ ವರ್ಷ ನೋಡೋಣ ಎಂದು ಹೇಳಿಕಳಿಸಿದರು.

ಒಂದು ಬೆಳಿಗ್ಗೆ ಸೊಸೆ ಬಟ್ಟೆ ಒಣಹಾಕುತ್ತಿದ್ದಾಗ ಅಜ್ಜಿ ಹೋಗಿ ಪಕ್ಕದಲ್ಲಿ ನಿಂತಳು.

"ಪ್ರತಿ ದಿನ ಹಾಕ್ತಿದ್ದೆ ಕಣೇ. ಒಂದು ಚಮಚ. ನೀನು ಕೇಳಿದಾಗ ನೆಟ್ಟಗೆ ಹೇಳಲಿಲ್ಲ. ಕೊಬ್ಬು."

ಸೊಸೆ ಹಸಿ ಬಟ್ಟೆಯನ್ನು ಕೊಡವಿದಳು. "ನಾನು ಮಾತ್ರ ಏನು ಸಾಚಾ? ಅವತ್ತು ನಿಮ್ಮನ್ನ ಆ ಮಾತು ಅನ್ನಬಾರದಿತ್ತು." ಬಟ್ಟೆಯನ್ನು ತಂತಿಯ ಮೇಲೆ ಹರವಿ, "ಅವಳು ನಿಮ್ಮ ಕೈಲಾದ್ರೂ ತಿನ್ನಲಿ ಅತ್ತೆ. ಯಾರ ಕೈಲಾದ್ರೂ ಸರಿ, ತಿನ್ನಲಿ" ಅಂದಳು.

ಆ ಮಧ್ಯಾಹ್ನ ಅಜ್ಜಿ ಅಡುಗೆಕಟ್ಟೆಯೆದುರು ನಿಂತಿದ್ದಾಗ ಬೆನ್ನಿನ ಮೇಲೆ ಏನೋ ತಾಕಿದಂತಾಯಿತು. ತಿರುಗಿದಳು. ಬಾಗಿಲಲ್ಲಿ ಕೂತ ಗುಬ್ಬಿ ಅವಳ ಬೆನ್ನನ್ನೇ ನೋಡುತ್ತಿದ್ದಳು. ಈ ಮಗು ಇಷ್ಟು ದಿನ ಏನನ್ನು ನೋಡಿಕೊಂಡು ಕೂತಿತ್ತು ಎಂದು ಅಜ್ಜಿಗೆ ಆಗ ಹೊಳೆಯಿತು: ಒಳಗೆ ಏನು ಹಾಕಿದರೂ ಕಾಣದಂತೆ ಅಡ್ಡ ನಿಂತ ಈ ಬೆನ್ನನ್ನು.

ಸಂಜೆ ಮಗ ಬಂದ ಕೂಡಲೇ, "ಒಲೇನ ಈ ಕಡೆ ತಿರುಗಿಸಿಕೊಡು," ಅಂದಳು.

"ಗೋಡೆಗೆ ಪೈಪಿದೆಯಲ್ಲಮ್ಮ, ಹೇಗೆ ತಿರುಗಿಸೋದು?"

"ಮನುಷ್ಯರನ್ನ ಆಕಾಶಕ್ಕೆ ಎತ್ತೋನಿಗೆ ಒಂದು ಒಲೆ ತಿರುಗಿಸೋಕಾಗಲ್ವಾ?"

ಅವನು ಗ್ಯಾಸಿನವನನ್ನು ಕರೆಸಿ, ಉದ್ದದ ಪೈಪು ಹಾಕಿಸಿ, ಒಂದು ಗಟ್ಟಿ ಮೇಜು ತಂದು ಅಡುಗೆಮನೆಯ ನಡುವೆ ಒಲೆ ಇಟ್ಟುಕೊಟ್ಟ. ಓಡಾಡಲು ಜಾಗವಿಲ್ಲದಂತಾಯಿತು. ಎಲ್ಲರ ಮೊಣಕೈಗೂ ಮೇಜಿನ ಮೂಲೆ ಬಡಿಯಿತು. ಯಾರೂ ದೂರಲಿಲ್ಲ.

ಅಂದಿನಿಂದ ಅಜ್ಜಿ ಗುಬ್ಬಿಯ ಕಡೆ ಮುಖ ಮಾಡಿ ಅಡುಗೆ ಮಾಡಿದಳು. ಆಲೂಗಡ್ಡೆಯನ್ನು ಸಿಪ್ಪೆಯೊಂದಿಗೇ ತೋರಿಸುವಳು, ಎದುರಿಗೇ ತೊಳೆಯುವಳು, ಎದುರಿಗೇ ಬೇಯಿಸುವಳು. ಬೆಣ್ಣೆಯ ಕಾಗದವನ್ನು ಅವಳ ಕಣ್ಣಮುಂದೆ ಬಿಚ್ಚುವಳು. ತಾನು ಒಂದು ತುತ್ತು ತಿಂದು ಬಟ್ಟಲು ಇಡುವಳು. ಗುಬ್ಬಿ ನೋಡುತ್ತಿದ್ದಳು, ತಿನ್ನುತ್ತಿರಲಿಲ್ಲ. ಮರುದಿನ ಮತ್ತೆ ಮೊದಲಿನಿಂದ. ಗುಬ್ಬಿಯ ಪಾಲಿನ ಆಲೂಗಡ್ಡೆ ತಿಂದು ತಿಂದು ಮಗನ ಹೊಟ್ಟೆ ಮುಂದಕ್ಕೆ ಬಂತು. ಒಂದು ದಿನ ಗುಬ್ಬಿ ಸಿಪ್ಪೆ ಸಮೇತ ಬೆಂದ ಆಲೂಗಡ್ಡೆಯನ್ನು ಕೈಗೆ ತೆಗೆದುಕೊಂಡು, ತಾನೇ ಸುಲಿದು, ಒಳಗೆ ಬೆರಳು ತೂರಿಸಿ ನೋಡಿ, ಅರ್ಧ ತಿಂದಳು. ಆದರೆ ಹಿಸುಕಿದ್ದು, ಬಟ್ಟಲಿಗೆ ಹಾಕಿದ್ದು, ಅಜ್ಜಿಯ ಕೈ ತಾಕಿದ್ದು ಮಾತ್ರ ಬೇಡವೇ ಬೇಡ.

ಒಂದು ಭಾನುವಾರ ಸೊಸೆ ಹೊರಗೆ ಪಡಸಾಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅಜ್ಜಿ ಆಲೂಗಡ್ಡೆ ಹಿಸುಕುತ್ತಿದ್ದಳು. ಉಪ್ಪಿನ ಡಬ್ಬಿ ಹಳೆಯ ಕಟ್ಟೆಯ ಮೇಲೇ ಉಳಿದಿತ್ತು. ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ, ಒಂದು ಚಿಟಿಕೆ ತೆಗೆದು, ಬಟ್ಟಲಿಗೆ ಉದುರಿಸಿದಳು.

"ಏನು ಹಾಕಿದ್ರಿ?"

ಸೊಸೆಯ ಪ್ರಶ್ನೆಯೇ ಅದು. ಅದೇ ಗಡಸು, ಅದೇ ಬಹುವಚನ. ದನಿ ಮಾತ್ರ ಚಿಕ್ಕದು. ಅಜ್ಜಿ ತಲೆ ಎತ್ತಿದಳು. ಗುಬ್ಬಿ ಎದ್ದು ನಿಂತು ಬಟ್ಟಲಿಗೆ ಬೆರಳು ತೋರಿಸುತ್ತಿದ್ದಳು.

"ಏನು ಹಾಕಿದ್ರಿ?"

ಹೊರಗೆ ಸೊಸೆಯ ಕೈಯಿಂದ ಬಟ್ಟೆ ಬಿತ್ತು. ಓಡಿಬಂದು ಬಾಗಿಲಲ್ಲಿ ನಿಂತಳು. ಈ ಒಂದು ಮಾತಿಗಾಗಿ ಅವಳು ಎಷ್ಟು ಕಾದಿದ್ದಳು. ಮಗಳು ಜೀವನದಲ್ಲಿ ಮೊದಲ ಸಲ ಒಬ್ಬರನ್ನು ಒಂದು ಮಾತು ಕೇಳಿದ್ದಳು, ಕೇಳಿದ್ದು ಇದನ್ನು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಅಜ್ಜಿ ಮಂಡಿಯೂರಿ ಕೂತಳು. ಮಂಡಿನೋವು ಅವಳಿಗೆ ನೆನಪಾಗಲಿಲ್ಲ.

"ಉಪ್ಪು ಹಾಕಿದೆ ತಾಯಿ," ಅಂದಳು. ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದಳು. ನಾಲ್ಕು ಹರಳನ್ನು ಮಗುವಿನ ಅಂಗೈಗೆ ಹಾಕಿದಳು. "ಉಪ್ಪು ಒಂದೇ. ಬೇರೆ ಏನೂ ಇಲ್ಲ."

ಗುಬ್ಬಿ ಅಂಗೈಯನ್ನು ಮೂಸಿದಳು, ನಾಲಿಗೆಯ ತುದಿಯಿಂದ ಮುಟ್ಟಿದಳು. ಚಮಚ ತೆಗೆದು ಬಟ್ಟಲಿನಿಂದ ಒಂದು ತುತ್ತು ಎತ್ತಿ ಅಜ್ಜಿಯ ಬಾಯಿಗೆ ಹಿಡಿದಳು. ಅಜ್ಜಿ ನುಂಗುವವರೆಗೆ ಅವಳ ಗಂಟಲನ್ನೇ ನೋಡಿದಳು. ಆಮೇಲೆ ಅದೇ ಚಮಚದಲ್ಲಿ ತಾನು ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. "ಬಾಗಿಲು ಮುಚ್ಚುತ್ತಿದೆ" ಎಂದು ಚಮಚ ಇಟ್ಟಳು.

"ಅತ್ತೆ, ಕೇಳಿದ್ಲು," ಅಂದಳು ಸೊಸೆ. "ಅವಳು ಕೇಳಿದ್ಲು."

"ದಿನಾ ಕೇಳಲಿ," ಅಂದಳು ಅಜ್ಜಿ, ಕಣ್ಣು ಒರೆಸಿಕೊಳ್ಳದೆ. "ಬದುಕಿರೋವರೆಗೂ ಕೇಳಲಿ. ಕೇಳಿದಾಗೆಲ್ಲ ಹೇಳ್ತೀನಿ."

ಆಮೇಲೆ ಎದ್ದು ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ, ಗುಬ್ಬಿಗೆ ಕಾಣುವ ಕಡೆ ತಂದಿಟ್ಟಳು.